ಅಪ್‌ಡೇಟ್: ಬೆಂಗಳೂರು–ಹುಬ್ಬಳ್ಳಿ ಲೀಸ್ಡ್ ಲೈನ್ ಕೊನೆಗೂ ಸರಿಹೋಯ್ತು

ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಧನ್ಯವಾದ. ಹೊಸದಾಗಿ ಓದುವವರಿಗೆ: ನಮ್ಮ ಎರಡು ಆಫೀಸುಗಳ ನಡುವೆ 4 ಎಂಬಿಪಿಎಸ್ ಪಾಯಿಂಟ್ ಟು ಪಾಯಿಂಟ್ ಲೀಸ್ಡ್ ಲೈನ್ (ಎರಡು ಜಾಗಗಳನ್ನಷ್ಟೇ ನೇರವಾಗಿ ಜೋಡಿಸುವ ಬಾಡಿಗೆ ಲೈನ್) ಬಂದಿತ್ತು. ಮೋಡೆಮ್‌ನಲ್ಲಿ ಹಸಿರು ಲೈಟ್ ಉರಿಯುತ್ತಿದ್ದರೂ ಆ ಕಡೆಯ ಒಂದು ಕಂಪ್ಯೂಟರೂ ಸಿಗುತ್ತಿರಲಿಲ್ಲ.

ಎರಡೂ ಆಫೀಸಿನ ಐಪಿ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ವಿಳಾಸ) ಒಂದೇ ಸರಣಿಯವು ಇರಬಹುದು ಅಂತ ನೀವು ಊಹಿಸಿದ್ದೇ ಸರಿ. ಎರಡೂ ಕಡೆ 192.168.1 ಸರಣಿಯ ಐಪಿಗಳೇ ಇದ್ದವು. ಹೀಗಿದ್ದರೆ ಕಂಪ್ಯೂಟರ್ ಆ ಕಡೆಯ ವಿಳಾಸವನ್ನೂ ತನ್ನ ಆಫೀಸಿನದೇ ಅಂತ ತಿಳಿದು ರೂಟರ್‌ಗೆ ಕೊಡುವುದೇ ಇಲ್ಲ. ಹುಬ್ಬಳ್ಳಿಯನ್ನು 192.168.2ಕ್ಕೆ ಬದಲಿಸಿದೆವು. ಪ್ರಿಂಟರ್‌ಗಳ ಐಪಿ ಒಂದೊಂದಾಗಿ ಬದಲಿಸುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ಲೈನಿನ ಎರಡು ತುದಿಗೆ 10.10.10.1 ಮತ್ತು 10.10.10.2, ಮಾಸ್ಕ್ (ಯಾವ ವಿಳಾಸಗಳು ಒಂದೇ ನೆಟ್‌ವರ್ಕ್ ಅಂತ ಹೇಳುವ ಸಂಖ್ಯೆ) 255.255.255.252. ಸ್ಟ್ಯಾಟಿಕ್ ರೂಟ್ (ಆ ಕಡೆಯ ನೆಟ್‌ವರ್ಕ್‌ಗೆ ಹೋಗುವ ದಾರಿಯನ್ನು ನಾವೇ ಬರೆದಿಡುವುದು) ಎರಡೂ ರೂಟರ್‌ಗಳಲ್ಲಿ ಬೇಕೇ ಬೇಕು. ಒಂದರಲ್ಲೇ ಇದ್ದರೆ ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಪರೀಕ್ಷಾ ಸಂದೇಶ) ಹೋಗುತ್ತದೆ, ಉತ್ತರ ವಾಪಸ್ ಬರೋಕೆ ದಾರಿ ಇರಲ್ಲ.

ಆಮೇಲೂ ಹುಬ್ಬಳ್ಳಿಯಿಂದ ಬೆಂಗಳೂರಿನ ರೂಟರ್ ಸಿಕ್ಕಿತು, ಸರ್ವರ್ ಸಿಗಲಿಲ್ಲ. ಅದರ ವಿಂಡೋಸ್ ಫೈರ್‌ವಾಲ್‌ನಲ್ಲಿ ಫೈಲ್ ಶೇರಿಂಗ್ ನಿಯಮ ‘ಲೋಕಲ್ ಸಬ್‌ನೆಟ್’ಗೆ (ಅದೇ ಆಫೀಸಿನ ನೆಟ್‌ವರ್ಕ್‌ಗೆ) ಮಾತ್ರ ಇತ್ತು. ಸ್ಕೋಪ್ ಟ್ಯಾಬ್‌ನಲ್ಲಿ 192.168.2.0/24 (ಅಂದರೆ ಹುಬ್ಬಳ್ಳಿಯ ಎಲ್ಲ ವಿಳಾಸಗಳು) ಸೇರಿಸಿದ ಕೂಡಲೇ ಫೋಲ್ಡರ್ ತೆರೆಯಿತು. ದಯವಿಟ್ಟು ಫೈರ್‌ವಾಲನ್ನೇ ಆಫ್ ಮಾಡಬೇಡಿ, ಇಷ್ಟು ಸಾಕು.

ಒಂದು ಮಾತು: ಅಕೌಂಟ್ಸ್ ಡೇಟಾ ಫೈಲನ್ನು ನೇರವಾಗಿ ಲೈನ್ ಮೇಲೆ ತೆರೆದರೆ ವಿಪರೀತ ನಿಧಾನ, ಯಾಕೆಂದರೆ ಸಣ್ಣ ಸಣ್ಣ ರಿಕ್ವೆಸ್ಟ್‌ಗಳು ಲೆಕ್ಕವಿಲ್ಲದಷ್ಟು ಸಲ ಹೋಗಿ ಬರಬೇಕು. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ (ದೂರದ ಕಂಪ್ಯೂಟರನ್ನು ಇಲ್ಲಿಂದಲೇ ಬಳಸುವುದು) ಪರದೆ ಮಾತ್ರ ಬರುವುದರಿಂದ ಹುಬ್ಬಳ್ಳಿಯವರು ಈಗ ಅದರಲ್ಲೇ ಬಿಲ್ ಹಾಕುತ್ತಿದ್ದಾರೆ. ಲೈನ್ ಕಟ್ ಆದರೆ ಬ್ರಾಡ್‌ಬ್ಯಾಂಡ್ ಮೇಲೆ ವಿಪಿಎನ್ (ಇಂಟರ್ನೆಟ್ ಮೂಲಕ ಎರಡೂ ಆಫೀಸು ಜೋಡಿಸುವ ಸುರಕ್ಷಿತ ಸಂಪರ್ಕ) ತಾನಾಗೇ ಶುರುವಾಗುವಂತೆ ಮಾಡುವುದು ಮುಂದಿನ ಕೆಲಸ.