ಜಿ 13 ಕಾರ್ಡ್: ಏಳು ಸ್ವರದಲ್ಲಿ ಯಾವುದನ್ನ ಬಿಡೋದು?

ಆರುತಂತಿ, ದಾವಣಗೆರೆ
ಆರ್ಕೆಸ್ಟ್ರಾದಲ್ಲಿ ರಿದಮ್ ಗಿಟಾರ್ ನುಡಿಸ್ತೀನಿ. ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳ ಗುಂಪು) ಅಂದ್ರೆ ಬಾರ್ ಕಾರ್ಡ್, ಸೆವೆಂತ್ ಕಾರ್ಡ್ ಸಲೀಸು. ಜಿ 13 ಮಾತ್ರ ಕೂರ್ತಿಲ್ಲ. ಲೆಕ್ಕಕ್ಕೆ ಜಿ, ಬಿ, ಡಿ, ಎಫ್, ಎ, ಸಿ, ಇ ಅಂತ ಏಳು ಸ್ವರ, ತಂತಿ ಇರೋದು ಆರು. ನನಗೆ ಸಿಕ್ಕ ಶೇಪ್: ಆರನೇ ತಂತಿ (ಎಲ್ಲಕ್ಕಿಂತ ದಪ್ಪದ್ದು) 3ನೇ ಫ್ರೆಟ್ (ಕತ್ತಿನ ಮೇಲಿನ ಪಟ್ಟಿ), ನಾಲ್ಕನೇದು 3, ಮೂರನೇದು 4, ಎರಡನೇದು 5. ತೋರುಬೆರಳನ್ನ ಬಾರ್ ಥರ ಮಲಗಿಸಿ ಹಿಡಿದ್ರೆ ಗಜಿಬಿಜಿ ಕೇಳಿಸುತ್ತೆ. ಡಿ ಮೈನರ್ 9ರಿಂದ ಬರುವಾಗ ತಾಳಾನೂ ತಪ್ಪುತ್ತೆ.

ಕೋಟೆಬೀದಿ, ಚಿತ್ರದುರ್ಗ
ಶೇಪ್ ಸರಿ ಇದೆ, ಬಾರ್ ಹಿಡಿದಿರೋದೇ ತಪ್ಪು. ತೋರುಬೆರಳು ಮಲಗಿದ್ರೆ ಐದನೇ ತಂತಿ 3ನೇ ಫ್ರೆಟ್‌ನ ಸಿ ಸ್ವರಾನೂ ನುಡಿಯುತ್ತೆ. ಈ ಕಾರ್ಡ್‌ಗೆ ಬೇಡದ ಸ್ವರ ಅಂದ್ರೆ ಅದೇ.

ಜಿಯನ್ನ ಷಡ್ಜ ಅಂತ ಇಟ್ಕೊಳ್ಳಿ. ಆ ಏಳೂ ಹರಿಕಾಂಭೋಜಿ ರಾಗದ ಸ್ವರಗಳು, ಒಂದು ಬಿಟ್ಟು ಒಂದು ಜೋಡಿಸಿದ್ದು. ಬಿ ಅಂತರ ಗಾಂಧಾರ, ಸಿ ಶುದ್ಧ ಮಧ್ಯಮ. ಅರ್ಧ ಸ್ವರದ ಅಂತರದವು, ಒಟ್ಟಿಗೆ ನುಡಿಸಿದ್ರೆ ಕಚ್ಚಾಡ್ತವೆ. ಹಾಗಾಗಿ ಸಿ ಬಿಡಿ. ಪಂಚಮ ಡಿ ಇದ್ದರೂ ಕಾರ್ಡಿನ ಗುಣ ಬದಲಾಗಲ್ಲ, ಅದನ್ನೂ, ನಿಮ್ಮ ಶೇಪಲ್ಲಿ ಇಲ್ಲದ ಎಯನ್ನೂ ಬಿಡಬಹುದು. ಬಿ ಮತ್ತು ಕೈಶಿಕಿ ನಿಷಾದದ ಎಫ್ ಮಾತ್ರ ಬಿಡಲೇಬಾರದು. ಇದು ಮೇಜರೋ ಮೈನರೋ, ಸೆವೆಂತೋ ಅಲ್ಲವೋ ಅಂತ ಕಿವಿಗೆ ತಿಳಿಯೋದು ಅವೆರಡರಿಂದ. ಮೇಲಿನ ಇ, ಅಂದ್ರೆ ಚತುಶ್ರುತಿ ಧೈವತ, ಜಿಯಿಂದ ಎಣಿಸಿದ್ರೆ ಹದಿಮೂರನೇದು, ಹೆಸರಲ್ಲಿರೋ 13 ಅದೇ.

ಮರದಹಲಗೆ
ಬೆರಳಿನ ವಿಷಯ ಹೇಳ್ತೀನಿ. ತೋರುಬೆರಳ ತುದಿ ಆರನೇ ತಂತಿ ಮೇಲೆ, ಅದೇ ತುದಿ ಐದನೇ ತಂತಿಗೆ ಸುಮ್ನೆ ತಾಗಿರಲಿ, ಒತ್ತಬೇಡಿ. ಮಧ್ಯದ ಬೆರಳು ನಾಲ್ಕನೇ ತಂತಿಗೆ, ಉಂಗುರದ ಬೆರಳು ಮೂರನೇದಕ್ಕೆ, ಕಿರುಬೆರಳು ಎರಡನೇದಕ್ಕೆ. ಕಿರುಬೆರಳಿನ ಹೊಟ್ಟೆ ಸ್ವಲ್ಪ ವಾಲಿದ್ರೆ ಒಂದನೇ ತಂತಿ ತಾನಾಗೇ ಮ್ಯೂಟ್ ಆಗುತ್ತೆ. ಆರರಿಂದ ಒಂದರವರೆಗೆ ಬಿಡಿಬಿಡಿಯಾಗಿ ಮೀಟಿ ನೋಡಿ. ಐದು ಮತ್ತು ಒಂದು 'ಟಕ್' ಅನ್ನಬೇಕು ಅಷ್ಟೆ. ಐದನೇದು ಗುಂಯ್ ಅಂದ್ರೆ ಓಪನ್ ಎ ಬಿಟ್ಟುಹೋಗಿದೆ, ಬೇಸ್ ಕಲಸಿಹೋಗುತ್ತೆ.

ಇಷ್ಟಾದ್ಮೇಲೂ ಶ್ರುತಿ ತಪ್ಪಿದ ಹಾಗೆ ಕೇಳಿಸಿದ್ರೆ 12ನೇ ಫ್ರೆಟ್ ಮೇಲೆ ಆರನೇ ತಂತಿಯ ಎತ್ತರ ಅಳೆಯಿರಿ. ಅಕೌಸ್ಟಿಕ್‌ಗೆ ಸುಮಾರು 2.5 ಮಿ.ಮೀ. ಸಾಕು. ತೀರಾ ಎತ್ತರ ಇದ್ದು ಜೋರಾಗಿ ಒತ್ತಿದ್ರೆ ಸ್ವರ ಏರುತ್ತೆ. ಏಪ್ರಿಲ್ ಬಿಸಿಲಲ್ಲಿ ಗಿಟಾರನ್ನ ಕಾರಲ್ಲಿ ಬಿಟ್ಟು ಹೋಗಬೇಡಿ, ಬ್ರಿಡ್ಜ್‌ನ ಅಂಟು ಸಡಿಲವಾಗುತ್ತೆ.

ಆರುತಂತಿ, ದಾವಣಗೆರೆ
ಬಾರ್ ಬಿಟ್ಟ ತಕ್ಷಣ ಸ್ಪಷ್ಟವಾಯ್ತು, ಥ್ಯಾಂಕ್ಸ್ ಸರ್. ಡಿ ಮೈನರ್ 9ರಿಂದ ಬರೋದು? ಕೀಬೋರ್ಡ್ ಜೊತೆಗೂ ಇದೇ ಶೇಪಾ?

ಕೋಟೆಬೀದಿ, ಚಿತ್ರದುರ್ಗ
ಡಿ ಮೈನರ್ 9ನ್ನ ಹೀಗೆ ಹಿಡೀರಿ: ಐದನೇ ತಂತಿ 5, ನಾಲ್ಕು 3, ಮೂರು 5, ಎರಡು 5. ಜಿ 13ಕ್ಕೆ ಬರುವಾಗ ಮೇಲಿನ ಮೂರು ಸ್ವರಗಳಲ್ಲಿ ಎಫ್, ಇ ಇದ್ದಲ್ಲೇ ಇರ್ತವೆ. ಮೂರನೇ ತಂತಿ 5ರಿಂದ 4ಕ್ಕೆ ಇಳಿಯುತ್ತೆ, ಬೇಸ್ ಆರನೇ ತಂತಿಗೆ ಹೋಗುತ್ತೆ. ಅಲ್ಲಿಂದ ಸಿ ಮೇಜರ್ 9: ಐದನೇ ತಂತಿ 3, ನಾಲ್ಕು 2, ಮೂರು 4, ಎರಡು 3. ಈ ಸಲ ಬಿ ಕದಲಲ್ಲ. ಮೊದಲು ಬೇಸ್ ಬಿಟ್ಟು ನಾಲ್ಕು, ಮೂರು, ಎರಡನೇ ತಂತಿಯಲ್ಲೇ ಈ ಓಡಾಟ ಮಾಡಿ, ಮೆಟ್ರೊನೋಮ್ (ಲಯ ತೋರಿಸೋ ಯಂತ್ರ) ನಿಮಿಷಕ್ಕೆ 50 ಬಡಿತದಲ್ಲಿ, ಒಂದು ಕಾರ್ಡಿಗೆ ನಾಲ್ಕು ಎಣಿಕೆ. ಯಾವ ಸ್ವರ ಇಳೀತು ಅಂತ ಕಿವಿ ಹಿಡಿದುಬಿಟ್ರೆ ಬೆರಳು ಹುಡುಕಾಡಲ್ಲ.

ಕೀಬೋರ್ಡ್ ಎಡಗೈ ಅಥವಾ ಬೇಸ್ ಗಿಟಾರ್ ಜಿ ನುಡಿಸ್ತಿದ್ರೆ ನಿಮ್ಮ ಆರನೇ ತಂತಿ ಬೇಡವೇ ಬೇಡ. ಎಫ್, ಬಿ, ಇ ಮೂರೇ ಸಾಕು, ಪೂರ್ತಿ ಜಿ 13 ಅಂತಲೇ ಕೇಳಿಸುತ್ತೆ.