ಸಹಾಯ ಬೇಕು: ಏಳು ತಂತಿ ಗಿಟಾರ್‌ನಲ್ಲಿ ಪೆಟ್ರೂಚಿ ಟೋನ್

ಎಲ್ಲರಿಗೂ ನಮಸ್ಕಾರ, ನಾನು ಕಾಸರಗೋಡಿನವನು. ಡ್ರೀಮ್ ಥಿಯೇಟರ್ ಬ್ಯಾಂಡ್‌ನ ಗಿಟಾರಿಸ್ಟ್ ಜಾನ್ ಪೆಟ್ರೂಚಿ ಅವರ ರಿದಮ್ ಟೋನ್ (ರಿದಮ್ ನುಡಿಸುವಾಗಿನ ಗಿಟಾರ್ ನಾದ) ಹಿಡಿಯಲು ನೋಡುತ್ತಿದ್ದೇನೆ. ಅವರದು ಮೆಸಾ ಬೂಗಿ ಮಾರ್ಕ್ ಆಂಪ್, ನನ್ನ ಹತ್ತಿರ ಇರುವುದು ಆಂಪ್‌ಗಳ ಸದ್ದನ್ನು ಅನುಕರಿಸುವ ಪ್ರೊಸೆಸರ್ ಮತ್ತು ಹೆಡ್‌ಫೋನ್ ಅಷ್ಟೇ. ಅದರಲ್ಲಿರುವ ಮಾರ್ಕ್ ಮಾಡೆಲ್ ಹಾಕಿ, ಬಾಸ್ ನಾಬ್ ಪೂರ್ತಿ ಇಳಿಸಿ, ಗ್ರಾಫಿಕ್ ಇಕ್ಯೂನಲ್ಲಿ (ಒಂದೊಂದು ಸ್ವರಮಟ್ಟವನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಸ್ಲೈಡರ್‌ಗಳು) 80 ಹರ್ಟ್ಸ್ ಏರಿಸಿ 750 ತಗ್ಗಿಸಿದರೂ ಏಳನೇ ತಂತಿಯಲ್ಲಿ ಪಾಮ್ ಮ್ಯೂಟ್ ಮಾಡಿದರೆ (ಅಂಗೈ ಅಂಚನ್ನು ತಂತಿಗೆ ತಾಗಿಸಿ ನುಡಿಸಿದರೆ) ಬರೇ ಗುಂಯ್ ಅನ್ನುತ್ತದೆ. ಉಳಿದ ಆರು ತಂತಿ ಚೆನ್ನಾಗಿಯೇ ಇವೆ. ಗೇನ್ (ಸದ್ದು ಒಡೆಯುವ ಪ್ರಮಾಣ) ಜಾಸ್ತಿಯಾಯಿತಾ, ಅಥವಾ ಏಳನೇ ತಂತಿಯ ಬಿ ಟ್ಯೂನಿಂಗ್‌ಗೆ 56 ಗೇಜ್ ದಪ್ಪ ಸಾಲದಾ? ಪಿಕ್ ಜಾಝ್ ಥ್ರೀ. ಅದನ್ನು ಬದಲಿಸಿ ಅಂತ ಮಾತ್ರ ಹೇಳಬೇಡಿ, ಆಲ್ಟರ್ನೇಟ್ ಪಿಕಿಂಗ್‌ಗೆ (ಪಿಕ್ಕನ್ನು ಒಮ್ಮೆ ಕೆಳಗೆ ಒಮ್ಮೆ ಮೇಲೆ ಮೀಟುವುದಕ್ಕೆ) ಕೈ ಅದಕ್ಕೇ ಒಗ್ಗಿದೆ. ಈ ಮಳೆಗೆ ನೆಕ್ ಬೇರೆ ಸ್ವಲ್ಪ ಬಾಗಿದೆ. ಮಂಗಳೂರು ಕಡೆ ಟ್ರಸ್ ರಾಡ್ (ನೆಕ್ ಬಾಗನ್ನು ಹೊಂದಿಸುವ ಒಳಗಿನ ಸರಳು) ಸರಿ ಮಾಡುವವರು ಯಾರಾದರೂ ಇದ್ದರೆ ತಿಳಿಸಿ.