ಸ್ಟೆಪ್ಪೆನ್‌ವುಲ್ಫ್: ಡಾರ್ಕ್‌ಸೈಡ್‌ನ ಸೇನಾಧಿಪತಿಗೆ ತನ್ನದೇ ಆದ ಕಥೆ ಇದೆಯೇ?

ಪ್ರಶ್ನೆ

2017ರ ‘ಜಸ್ಟಿಸ್ ಲೀಗ್’ ಎಂಬ ಸೂಪರ್‌ಹೀರೋ ಚಿತ್ರವನ್ನೂ 2021ರಲ್ಲಿ ಬಂದ ಅದರ ನಾಲ್ಕು ಗಂಟೆಗಳ ಆವೃತ್ತಿಯನ್ನೂ ಈಚೆಗೆ ಒಂದರ ಬೆನ್ನಿಗೆ ಒಂದು ನೋಡಿದೆ. ಎರಡರಲ್ಲೂ ಭೂಮಿಯ ಮೇಲೆ ದಂಡೆತ್ತಿ ಬರುವವನು ಸ್ಟೆಪ್ಪೆನ್‌ವುಲ್ಫ್, ಎರಡರಲ್ಲೂ ಆ ಪಾತ್ರ ಮಾಡಿದವರು ಕಿಯರನ್ ಹಿಂಡ್ಸ್. ಆದರೂ ಮೊದಲನೆಯದರಲ್ಲಿ ಅವನು ಏಕೆ ಬಂದ, ಅವನಿಗೆ ಏನು ಬೇಕಿತ್ತು ಎಂಬುದು ಮನಸ್ಸಿಗೆ ನಾಟಲಿಲ್ಲ. ಎರಡನೆಯದರಲ್ಲಿ ಅವನ ಬಗ್ಗೆ ಕನಿಕರವೇ ಹುಟ್ಟಿತು. ಮೂಲ ಕಾಮಿಕ್ಸ್‌ನಲ್ಲಿ ಅವನ ಸ್ಥಾನವೇನು? ಅಪೊಕೊಲಿಪ್ಸ್ ಲೋಕದ ದೊರೆ ಡಾರ್ಕ್‌ಸೈಡ್‌ನ ಸುತ್ತ ನಿಲ್ಲುವ ಹಲವು ಸೇವಕರಲ್ಲಿ ಅವನೂ ಒಬ್ಬನೇ, ಅಥವಾ ಅವನಿಲ್ಲದೆ ಕಥೆ ನಡೆಯುವುದಿಲ್ಲವೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ಸ್ಟೆಪ್ಪೆನ್‌ವುಲ್ಫ್‌ನನ್ನು ಸೃಷ್ಟಿಸಿದವರು ಜಾಕ್ ಕರ್ಬಿ. 1971ರಲ್ಲಿ ಡಿಸಿ ಎಂಬ ಕಾಮಿಕ್ಸ್ ಪ್ರಕಾಶನ ಸಂಸ್ಥೆಗಾಗಿ ಅವರು ಆರಂಭಿಸಿದ ‘ನ್ಯೂ ಗಾಡ್ಸ್’ ಮಾಲಿಕೆಯ ಏಳನೆಯ ಸಂಚಿಕೆಯಲ್ಲಿ, ಅಂದರೆ 1972ರ ಆರಂಭದಲ್ಲಿ, ಅವನು ಮೊದಲ ಬಾರಿಗೆ ಕಾಣಿಸಿಕೊಂಡ. ನೀವು ಗಮನಿಸಬೇಕಾದ ಸಂಗತಿ ಎಂದರೆ, ಅದೇ ಸಂಚಿಕೆಯಲ್ಲಿ ಅವನು ಸತ್ತೂ ಹೋಗುತ್ತಾನೆ. ಆದರೆ ಆ ಕೆಲವೇ ಪುಟಗಳಲ್ಲಿ ಅವನು ಮಾಡುವ ಕೃತ್ಯ ಕರ್ಬಿಯವರ ಇಡೀ ಪುರಾಣಕ್ಕೆ ಬೀಜವಾಗುತ್ತದೆ.

ಕಥೆ ಹೀಗಿದೆ. ಅಪೊಕೊಲಿಪ್ಸ್ ಮತ್ತು ನ್ಯೂ ಜೆನೆಸಿಸ್ ಎಂಬ ಎರಡು ಲೋಕಗಳು ಇನ್ನೂ ಶಾಂತವಾಗಿದ್ದ ಕಾಲದಲ್ಲಿ ಅಪೊಕೊಲಿಪ್ಸ್‌ನ ಸ್ಟೆಪ್ಪೆನ್‌ವುಲ್ಫ್ ಬೇಟೆಯ ನೆವದಿಂದ ನ್ಯೂ ಜೆನೆಸಿಸ್‌ಗೆ ನುಗ್ಗುತ್ತಾನೆ. ಜೊತೆಗೆ ಡಾರ್ಕ್‌ಸೈಡ್ ಇರುತ್ತಾನೆ. ಅಲ್ಲಿ ಇಜಾಯಾ ಎಂಬ ಯೋಧನ ಹೆಂಡತಿ ಆವಿಯಾ ಸ್ಟೆಪ್ಪೆನ್‌ವುಲ್ಫ್‌ನ ಕೈಯಲ್ಲಿ ಸಾಯುತ್ತಾಳೆ, ಇಜಾಯಾನೂ ಸತ್ತನೆಂದು ತಿಳಿದು ಅವರು ಹಿಂತಿರುಗುತ್ತಾರೆ. ಬದುಕುಳಿದ ಇಜಾಯಾ ಸಾರುವ ಯುದ್ಧ ಎರಡೂ ಲೋಕಗಳನ್ನು ಸುಡುತ್ತದೆ, ಆ ಯುದ್ಧದಲ್ಲೇ ಅವನು ಸ್ಟೆಪ್ಪೆನ್‌ವುಲ್ಫ್‌ನನ್ನು ಕೊಲ್ಲುತ್ತಾನೆ. ಸೇಡು ತೀರಿದ ಮೇಲೂ ಮನಸ್ಸಿಗೆ ನೆಮ್ಮದಿ ಸಿಗದೆ, ತಾನೇ ಡಾರ್ಕ್‌ಸೈಡ್‌ನಂತಾಗುತ್ತಿದ್ದೇನೆ ಎಂಬ ಅರಿವು ಮೂಡಿದಾಗ ಇಜಾಯಾ ಆಯುಧವನ್ನು ತೊರೆದು ‘ಹೈಫಾದರ್’ ಆಗುತ್ತಾನೆ. ಕೊನೆಗೆ ಎರಡೂ ಕಡೆಯವರು ತಮ್ಮ ಮಕ್ಕಳನ್ನು ಅದಲುಬದಲು ಮಾಡಿಕೊಂಡು ಸಂಧಿ ಮಾಡಿಕೊಳ್ಳುತ್ತಾರೆ: ಡಾರ್ಕ್‌ಸೈಡ್‌ನ ಮಗ ಒರಾಯನ್ ನ್ಯೂ ಜೆನೆಸಿಸ್‌ನಲ್ಲಿ ಬೆಳೆಯುತ್ತಾನೆ, ಹೈಫಾದರ್‌ನ ಮಗ ಸ್ಕಾಟ್ ಫ್ರೀ ಅಪೊಕೊಲಿಪ್ಸ್‌ನಲ್ಲಿ ನರಳುತ್ತಾನೆ.

ಆವಿಯಾಳ ಕೊಲೆಯಾಗದಿದ್ದರೆ ಈ ಯಾವುದೂ ಆಗುತ್ತಿರಲಿಲ್ಲ. ಆದ್ದರಿಂದ ಅವನು ಪುಟಗಳ ಲೆಕ್ಕದಲ್ಲಿ ಚಿಕ್ಕ ಪಾತ್ರವಾದರೂ ಪರಿಣಾಮದ ಲೆಕ್ಕದಲ್ಲಿ ಚಿಕ್ಕವನಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಸ್ಟೆಪ್ಪೆನ್‌ವುಲ್ಫ್ ಡಾರ್ಕ್‌ಸೈಡ್‌ನ ಬಂಧು ಕೂಡ. ಇಂಗ್ಲಿಷಿನ ‘ಅಂಕಲ್’ ಎಂಬ ಪದದಲ್ಲಿ ಆ ಸಂಬಂಧ ಮಸುಕಾಗಿ ಉಳಿಯುತ್ತದೆ. ಅವನು ಡಾರ್ಕ್‌ಸೈಡ್‌ನ ತಾಯಿ ಹೆಗ್ರಾಳ ತಮ್ಮನಾದ್ದರಿಂದ ಕನ್ನಡದಲ್ಲಿ ಸೋದರಮಾವ ಎಂದು ಖಚಿತವಾಗಿ ಹೇಳಬಹುದು. ಹಾಗೆ ಹೇಳಿದ ಕೂಡಲೇ ನಮಗೆ ಶಕುನಿ ನೆನಪಾಗುತ್ತಾನೆ, ಆದರೆ ಇಲ್ಲಿ ಪಾತ್ರಗಳು ತಿರುವುಮುರುವಾಗಿವೆ. ದಾಳ ಉರುಳಿಸುವವನು ಅಳಿಯ, ಉರುಳುವವನು ಮಾವ. ಆಗ ಅಪೊಕೊಲಿಪ್ಸ್ ಆಳುತ್ತಿದ್ದವಳು ಹೆಗ್ರಾ. ಆ ಯುದ್ಧದಿಂದ ಕೊನೆಗೆ ಲಾಭ ಪಡೆದು ಸಿಂಹಾಸನಕ್ಕೇರಿದವನು ಡಾರ್ಕ್‌ಸೈಡ್. ಮಾವನ ಬೇಟೆಯ ಹುಚ್ಚನ್ನು ಅಳಿಯ ತನ್ನ ಮೆಟ್ಟಿಲಾಗಿ ಬಳಸಿಕೊಂಡ ಎಂದೇ ನಾನು ಆ ಸಂಚಿಕೆಯನ್ನು ಓದಿಕೊಳ್ಳುತ್ತೇನೆ.

ಮೂರನೆಯ ಉತ್ತರ

ಚಿತ್ರಗಳ ಬಗ್ಗೆ ನಿಮಗಾದ ಅನುಭವ ಸರಿಯಾಗಿಯೇ ಇದೆ. 2021ರ ಆವೃತ್ತಿಯಲ್ಲಿ ಸ್ಟೆಪ್ಪೆನ್‌ವುಲ್ಫ್ ಹಿಂದೊಮ್ಮೆ ಡಾರ್ಕ್‌ಸೈಡ್‌ಗೆ ದ್ರೋಹ ಬಗೆದು ಅಪೊಕೊಲಿಪ್ಸ್‌ನಿಂದ ದೂರವಾದವನು. ತಪ್ಪಿಗೆ ದಂಡವಾಗಿ ಅವನು ಇನ್ನೂ 50,000 ಲೋಕಗಳನ್ನು ಗೆದ್ದು ಒಪ್ಪಿಸಬೇಕೆಂದು ಡಾರ್ಕ್‌ಸೈಡ್‌ನ ಆಪ್ತ ಸೇವಕ ಡಿಸಾಡ್ ನೆನಪಿಸುವ ದೃಶ್ಯದಲ್ಲಿ, ಅಷ್ಟು ದೈತ್ಯನಾದ ಸೇನಾನಿ ತಲೆತಗ್ಗಿಸಿ ನಿಲ್ಲುವುದನ್ನು ನೋಡಿದರೆ ಸಾಕು, ಅವನ ಆಸೆಯೇನೆಂದು ಬೇರೆ ಹೇಳಬೇಕಿಲ್ಲ. 2017ರ ಚಿತ್ರದಲ್ಲಿ ಈ ಸಾಲವೂ ಇಲ್ಲ, ಈ ಅವಮಾನವೂ ಇಲ್ಲ.

ಅಂತ್ಯಗಳನ್ನೂ ಹೋಲಿಸಿ. ಮೊದಲ ಚಿತ್ರದಲ್ಲಿ ಅವನ ಭಯವನ್ನು ಮೂಸಿ ಅವನದೇ ಸೇನೆಯ ರೆಕ್ಕೆಯುಳ್ಳ ಜೀವಿಗಳಾದ ಪ್ಯಾರಾಡೀಮನ್‌ಗಳು ಮೇಲೆರಗುತ್ತವೆ. ಎರಡನೆಯದರಲ್ಲಿ ವಂಡರ್ ವುಮನ್ ಕತ್ತರಿಸಿದ ಅವನ ತಲೆ ಡಾರ್ಕ್‌ಸೈಡ್‌ನ ಮುಂದೆ ಹೋಗಿ ಬೀಳುತ್ತದೆ. ಯಾವ ಮನೆಗೆ ಹಿಂತಿರುಗಬೇಕೆಂದು ಅಷ್ಟು ರಕ್ತ ಹರಿಸಿದನೋ ಆ ಮನೆಗೆ ಅವನು ಹೋದದ್ದು ಹಾಗೆ. ಒಡೆಯ ಅದನ್ನು ಕಾಲಿನಿಂದ ತುಳಿಯುತ್ತಾನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸೋದರಮಾವ ಎಂಬ ವಿವರ ತಿಳಿದ ಮೇಲೆ ಆ ತುಳಿತ ಇನ್ನಷ್ಟು ಕ್ರೂರವಾಗಿ ಕಾಣುತ್ತಿದೆ. ಅವನು ಸ್ವತಂತ್ರವಾಗಿ ಸೇನೆ ನಡೆಸುವ ಬೇರೆ ಕಾಮಿಕ್ಸ್ ಇದೆಯೇ?

ಮೊದಲ ಉತ್ತರ ಬರೆದವರಿಂದ

2012ರಲ್ಲಿ ಆರಂಭವಾದ ‘ಅರ್ಥ್ 2’ ಮಾಲಿಕೆಯನ್ನು ನೋಡಿ. ಅಲ್ಲಿ ಇನ್ನೊಂದು ಭೂಮಿಯ ಮೇಲೆ ನಡೆಯುವ ಅಪೊಕೊಲಿಪ್ಸ್ ದಾಳಿಗೆ ಅವನೇ ಮುಂದಾಳು, ಮೊದಲ ಸಂಚಿಕೆಯಲ್ಲೇ ಆ ಲೋಕದ ವಂಡರ್ ವುಮನ್ ಅವನ ಕೈಯಲ್ಲಿ ಮಡಿಯುತ್ತಾಳೆ. ಆದರೂ ಮೊದಲು ಓದಬೇಕಾದದ್ದು 1972ರ ಸಂಚಿಕೆಯೇ. ಆವಿಯಾ ಬೀಳುವ ಪುಟಕ್ಕೆ ಬಂದಾಗ ಡಾರ್ಕ್‌ಸೈಡ್ ಎಲ್ಲಿ ನಿಂತಿದ್ದಾನೆ, ಅವನ ಮುಖಭಾವ ಹೇಗಿದೆ ಎಂಬುದನ್ನು ನಿಧಾನವಾಗಿ ನೋಡಿ.